ಬೆಂಡೆಕಾಯಿ, ಬಾಳೆ, ಗಂಬೂಟು: ಮಳೆ ರಜೆಯಲ್ಲಿ ಮಾಡಿದ ಪರದೆ

ಜಗಲಿಯ ಕಿಟಕಿಗೆ ಒಂದು ಪರದೆ ಬೇಕಿತ್ತು. ಮನೆಯಲ್ಲಿ ಇಬ್ಬರು ಮಕ್ಕಳು. ಹೊರಗೆ ಬಿಡದೆ ಮಳೆ. ಐದು ವಾರದ ಈ ಕೆಲಸ ಶುರುವಾದದ್ದು ಹೀಗೆ.

ನಮ್ಮ ಮನೆ ಕೊಡಗಿನ ಸೋಮವಾರಪೇಟೆಯಿಂದ ಸ್ವಲ್ಪ ಒಳಗೆ, ಕಾಫಿ ತೋಟದ ಅಂಚಿನಲ್ಲಿದೆ. ಮಗಳು ಪುಟ್ಟಿಗೆ ನಾಲ್ಕೂವರೆ ವರ್ಷ, ಮೈದುನನ ಮಗ ಚಿನ್ನುಗೆ ಎರಡೂವರೆ. ಜುಲೈ ಬಂತೆಂದರೆ ವಾರಕ್ಕೆ ಎರಡು ದಿನವಾದರೂ ಮಳೆ ರಜೆ. ಕಳೆದ ವರ್ಷ ಬ್ರಷ್ ಕೊಟ್ಟು ನೋಡಿದ್ದೆ. ಚಿನ್ನು ಅದನ್ನು ಒನಕೆ ಹಿಡಿದ ಹಾಗೆ ಹಿಡಿದು ಕುಟ್ಟಿದ. ಕೂದಲೆಲ್ಲ ಅರಳಿ ಹೋಯಿತು. ಪುಟ್ಟಿ ಗೆರೆ ನೇರ ಬರಲಿಲ್ಲ ಅಂತ ಅತ್ತಳು. ಅದಕ್ಕೇ ಈ ಸಲ ಬ್ರಷ್ ಬೇಡ, ಕೈಗೆ ಸಿಕ್ಕಿದ್ದರಲ್ಲೇ ಅಚ್ಚು ಒತ್ತಿಸೋಣ ಅಂದುಕೊಂಡೆ. ಮೊದಲು ಕಾಗದದ ಮೇಲೆ ಕೈ ಪಳಗಿಸಿ, ಆಮೇಲೆ ಮಾವನ ಹಳೆಯ ಬಿಳಿ ಪಂಚೆಯ ಮೇಲೆ ಅಚ್ಚು ಹಾಕಿ ಪರದೆ ಹೊಲಿಯುವುದು. ಒಂದು ವಾರ ಸಾಕು ಅನ್ನುವ ಲೆಕ್ಕ ನನ್ನದು.

ಜುಲೈ 13, ಭಾನುವಾರ

ಕಾಫಿ ಒಣಗಿಸುವ ಟಾರ್ಪಾಲನ್ನು ಜಗಲಿಯಲ್ಲಿ ಹಾಸಿದೆ. ಕೇಸರಿಬಾತಿಗೆ ಹಾಕುವ ಬಣ್ಣದ ಪುಡಿ ಮನೆಯಲ್ಲಿತ್ತು. ಅರ್ಧ ಲೋಟ ನೀರಿಗೆ ಒಂದು ಚಿಟಿಕೆ ಕಲಸಿ ತಟ್ಟೆಗೆ ಸುರಿದೆ. ಬೆಂಡೆಕಾಯಿಯ ತೊಟ್ಟಿನ ಕಡೆ ಅಡ್ಡಕ್ಕೆ ಕತ್ತರಿಸಿ ಇಬ್ಬರ ಕೈಗೂ ಕೊಟ್ಟೆ. ಐದು ಎಸಳಿನ ಹೂ ಬರಬೇಕಿತ್ತು. ಬಂದದ್ದು ಕೇಸರಿ ಮಚ್ಚೆ. ಬಣ್ಣ ನೀರಾಗಿದ್ದರಿಂದ ಬೆಂಡೆಯ ಕೋಣೆಗಳ ಒಳಗೆಲ್ಲ ತುಂಬಿ, ಒತ್ತಿದ ಕೂಡಲೇ ಕಾಗದದ ಮೇಲೆ ಕೆರೆ. ಚಾರ್ಟ್ ಪೇಪರ್ ಅಪ್ಪಳದ ಹಾಗೆ ಮುದುಡಿತು.

ಇನ್ನೊಂದು ತಪ್ಪು ಅಂದರೆ ಹಾಕಿದ ಬಟ್ಟೆ. ಇಬ್ಬರಿಗೂ ಒಳ್ಳೆಯ ಅಂಗಿಯೇ ಇತ್ತು. ಆ ಕೇಸರಿ ಇವತ್ತಿಗೂ ಹೋಗಿಲ್ಲ.

ಜುಲೈ 14, ಸೋಮವಾರ

ಸಂತೆ ದಿನ. ಕಾಲು ಕೆಜಿ ಬೆಂಡೆಕಾಯಿ, ಅರ್ಧ ಕೆಜಿ ಮೈದಾ, ನಾಲ್ಕು ಬಗೆ ಬಣ್ಣದ ಪುಡಿ, ಪಾತ್ರೆ ಉಜ್ಜುವ ಮೆತ್ತನೆ ಸ್ಪಂಜು ಎರಡು, ಚಾರ್ಟ್ ಪೇಪರ್ ಆರು ತಂದೆ.

ಸಂಜೆ ಬಣ್ಣ ಕಾಯಿಸಿದೆ. ಅರ್ಧ ಕಪ್ ಮೈದಾ, ಒಂದೂವರೆ ಕಪ್ ತಣ್ಣೀರು, ಒಂದು ಚಮಚ ಉಪ್ಪು. ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುವಿದರೆ ನಾಲ್ಕೈದು ನಿಮಿಷಕ್ಕೆ ಗಟ್ಟಿಯಾಗುತ್ತದೆ. ಆರಿದ ಮೇಲೆ ನಾಲ್ಕು ಬಟ್ಟಲಿಗೆ ಹಂಚಿ ಬಣ್ಣ ಸೇರಿಸಿದೆ. ಮೊದಲ ಸಲ ಆರುವುದಕ್ಕೆ ಕಾಯದೆ ಬಿಸಿಗೇ ಹದ ನೋಡಿ ಇಳಿಸಿದ್ದೆ. ಆರಿದಾಗ ಅದು ಹಲ್ವ ಆಗಿತ್ತು. ಮತ್ತೆ ನೀರು ಹಾಕಿ ಕಡೆದೆ, ಗಂಟುಗಂಟಾಯಿತು. ಎರಡನೇ ಸಲ ಇನ್ನೂ ತೆಳ್ಳಗಿದೆ ಅನ್ನಿಸುವಾಗಲೇ ಇಳಿಸಿದೆ. ಆರಿದ ಮೇಲೆ ಇಡ್ಲಿ ಹಿಟ್ಟಿನ ಹದಕ್ಕೆ ಬಂತು. ಅಚ್ಚಿಗೆ ಈ ಹದವೇ ಬೇಕು. ದೋಸೆ ಹಿಟ್ಟಿನಷ್ಟು ತೆಳ್ಳಗಾದರೂ ಹರಿಯುತ್ತದೆ.

ಹದ ಸಿಕ್ಕಿದರೂ ಅಚ್ಚು ಸಿಗಲಿಲ್ಲ. ಚಿನ್ನು ಬೆಂಡೆಕಾಯಿಯನ್ನು ಬಟ್ಟಲಿಗೆ ಅದ್ದಿದ್ದು ಮೊಣಕೈವರೆಗೆ. ಆಮೇಲೆ ಬಟ್ಟಲು ಎತ್ತಿಟ್ಟು ಸ್ಪಂಜನ್ನು ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ತಟ್ಟೆಯಲ್ಲಿಟ್ಟು ಅದರ ಮೇಲೆ ಎರಡು ಚಮಚ ಬಣ್ಣ ಸವರಿದೆ. ರಬ್ಬರ್ ಸ್ಟಾಂಪಿನ ಪ್ಯಾಡ್ ಇರುತ್ತದಲ್ಲ, ಅದೇ ಲೆಕ್ಕ. ಈಗ ಎಷ್ಟು ಜೋರಾಗಿ ಒತ್ತಿದರೂ ಅಂಟುವುದು ಅಂಚಿಗೆ ಮಾತ್ರ. ಮೊದಲ ಹೂ ಬಂದಾಗ ಪುಟ್ಟಿ ಕೂಗಿದ್ದಕ್ಕೆ ಅತ್ತೆ ಅಡುಗೆಮನೆಯಿಂದ ಓಡಿ ಬಂದರು, ಹಾವು ಬಂತೇನೋ ಅಂತ. ಈ ಕೆಲಸ ಮಾಡುವವರು ಬೇರೇನು ಬಿಟ್ಟರೂ ಸ್ಪಂಜು ಬಿಡಬೇಡಿ.

ಜುಲೈ 16, ಬುಧವಾರ

ಏನೇನರಲ್ಲಿ ಅಚ್ಚು ಬರುತ್ತದೆ ಅಂತ ಮನೆಯೆಲ್ಲ ತಡಕಾಡಿದ ದಿನ.

ಬಾಳೆ ಎಲೆಯ ದಪ್ಪ ದಂಟನ್ನು ಅಡ್ಡ ಕತ್ತರಿಸಿದರೆ ಒಳಗೆ ಜೇನುಗೂಡಿನಂಥ ಕೋಣೆಗಳು. ಅಚ್ಚು ಬಲೆಯ ಹಾಗೆ ಬರುತ್ತದೆ, ಅರ್ಧಚಂದ್ರದ ಆಕಾರದಲ್ಲಿ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು. ಒಂದೇ ತೊಂದರೆ, ಕತ್ತರಿಸಿದ ಕೂಡಲೇ ನೀರೂ ಅಂಟೂ ಬಿಡುತ್ತದೆ. ಒಂದು ಗಂಟೆ ಮೊದಲೇ ಕತ್ತರಿಸಿ, ಹಳೆ ಪೇಪರಿನ ಮೇಲೆ ಬೋರಲು ಹಾಕಿಡಬೇಕು. ಬಾಳೆಯ ಕಲೆ ಬಟ್ಟೆಯಿಂದ ಹೋಗುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ಆದರೂ ಸೆರಗಿಗೆ ಒರೆಸಿಕೊಂಡೆ.

ಬಳೆ ಚೆನ್ನಾಗಿ ಬಂತು. ಬಾಚಣಿಗೆಯಲ್ಲಿ ಬಣ್ಣ ಎಳೆದರೆ ಗದ್ದೆ ಉತ್ತ ಹಾಗೆ ಸಾಲು. ಸುಲಿದ ಅಡಿಕೆ ಸಿಪ್ಪೆಯ ನಾರಿನ ಕಡೆ ಒತ್ತಿದರೆ ಹುಲ್ಲು. ಅರ್ಧ ಮಾಡಿದ ಈರುಳ್ಳಿ ಒಂದೆರಡು ಅಚ್ಚಿಗೆ ಬಿಚ್ಚಿಕೊಳ್ಳುತ್ತದೆ, ಕಣ್ಣು ಬೇರೆ ಉರಿ. ಚಕ್ಕುಲಿ ಒರಳಿನ ನಕ್ಷತ್ರದ ಬಿಲ್ಲೆ ತೆಗೆಯಲು ಹೋದಾಗ ಅತ್ತೆ ಬಿಡಲಿಲ್ಲ, ಅವರದು ಸರಿಯೇ.

ಚಿನ್ನು ಒತ್ತುವುದಿಲ್ಲ, ಉಜ್ಜುತ್ತಾನೆ. ಎರಡೂವರೆ ವರ್ಷದ ಕೈ ಒತ್ತಿದ್ದನ್ನು ನೇರ ಮೇಲಕ್ಕೆ ಎತ್ತುವುದಿಲ್ಲ, ಪಕ್ಕಕ್ಕೆ ಎಳೆಯುತ್ತದೆ. ಎಷ್ಟು ಹೇಳಿದರೂ ಪ್ರಯೋಜನ ಇಲ್ಲ. ಬಟ್ಟೆ ಒಣಗಿಸುವ ಕ್ಲಿಪ್ಪಿಗೆ ಸ್ಪಂಜಿನ ತುಂಡು ಸಿಕ್ಕಿಸಿ ಕೊಟ್ಟೆ. ಮೇಲಿಂದ ಹಿಡಿಯಲು ಹಿಡಿಕೆ ಸಿಕ್ಕಿದ ಮೇಲೆ ಒತ್ತಿ ಎತ್ತುವುದು ತಾನಾಗಿ ಬಂತು. ‘ಕುಟ್ಟು ಕುಟ್ಟು ಅವಲಕ್ಕಿ’ ಅಂತ ಅವನದೇ ಒಂದು ಹಾಡು ಬೇರೆ.

ಇವತ್ತಿನ ದೊಡ್ಡ ತಪ್ಪು: ಬಾಳೆ ದಂಟು ಚೆನ್ನಾಗಿ ಬಂತಲ್ಲ ಅಂತ ಕೆಸುವಿನ ದಂಟನ್ನೂ ಕತ್ತರಿಸಿದೆ. ಒಳಗೆ ಅದೂ ತೂತುತೂತಾಗಿ ಚೆಂದ ಇತ್ತು. ಪುಣ್ಯಕ್ಕೆ ಮಕ್ಕಳಿಗೆ ಕೊಡುವ ಮೊದಲು ನಾನೇ ಎರಡು ಅಚ್ಚು ಒತ್ತಿ ನೋಡಿದೆ. ಹತ್ತು ನಿಮಿಷಕ್ಕೆ ಅಂಗೈ ತುರಿಕೆ ಶುರು. ಕೆಸುವಿನೆಲೆಯ ಪತ್ರೊಡೆಗೆ ಹುಣಸೆಹುಳಿ ಯಾಕೆ ಹಾಕುತ್ತೇವೆ ಎಂದು ಗೊತ್ತಿದ್ದೂ ಈ ಬುದ್ಧಿ! ಹುಣಸೆಹಣ್ಣು ಉಜ್ಜಿ, ಎಣ್ಣೆ ಹಚ್ಚಿಕೊಂಡು ಕೂತೆ. ಕೆಸುವಿನ ದಂಟು ಮಕ್ಕಳ ಕೈಗೆ ಬೇಡವೇ ಬೇಡ.

ಗೋಲಿಯೂ ಬೇಡ. ತಟ್ಟೆಯಲ್ಲಿ ಕಾಗದ ಇಟ್ಟು, ಬಣ್ಣದಲ್ಲಿ ಅದ್ದಿದ ಗೋಲಿಯನ್ನು ಆಚೀಚೆ ಓಡಿಸಿದರೆ ಗೆರೆಗಳು ಬೀಳುತ್ತವೆ. ಪುಟ್ಟಿಗೆ ಅದು ಸರಿ. ಚಿನ್ನುಗೆ ಸಿಕ್ಕಿದ್ದೆಲ್ಲ ಬಾಯಿಗೆ. ಟಿಶ್ಯೂ ಸುತ್ತಿದ ರಟ್ಟಿನ ಕೊಳವೆಯೊಳಗೆ ತೂರುವ ಯಾವ ವಸ್ತುವನ್ನೂ ಮೂರು ವರ್ಷದೊಳಗಿನವರ ಕೈಗೆ ಕೊಡುವುದಿಲ್ಲ ಅಂತ ತೀರ್ಮಾನ ಮಾಡಿದೆ. ಗೋಲಿಯ ಬದಲು ದಪ್ಪನೆಯ ನಿಂಬೆಹಣ್ಣು ಓಡಿಸಿದೆವು. ಅದು ಕುಂಟಿಕೊಂಡು ಓಡುವುದೇ ಚೆಂದ.

ಜುಲೈ 19, ಶನಿವಾರ

ಎರಡು ಕೆಟ್ಟ ಸುದ್ದಿ.

ಮುಚ್ಚಿಟ್ಟಿದ್ದ ಮೈದಾ ಬಣ್ಣ ಬೂಷ್ಟು ಹಿಡಿದಿತ್ತು. ಉಪ್ಪು ಹಾಕಿದ್ದರೂ ಈ ಹವೆಯಲ್ಲಿ ಐದನೇ ದಿನಕ್ಕೆ ಹುಳಿ ವಾಸನೆ, ಮೇಲೆ ಬೂದು ಕೂದಲು. ಎಲ್ಲ ಚೆಲ್ಲಿದೆ. ಇನ್ನು ಮುಂದೆ ಎರಡು ದಿನಕ್ಕೆ ಸಾಕಾಗುವಷ್ಟೇ ಕಾಯಿಸಿ ಫ್ರಿಜ್ಜಿನಲ್ಲಿ ಇಡುವುದು. ಕರೆಂಟು ಇದ್ದರೆ.

ಎರಡನೆಯದು ಇನ್ನೂ ಕೆಟ್ಟದ್ದು. ಬುಧವಾರದ ಕಾಗದಗಳು ಇನ್ನೂ ಒಣಗಿರಲಿಲ್ಲ. ಜಗಲಿಯಲ್ಲಿ ಹಗ್ಗ ಕಟ್ಟಿ ನೇತು ಹಾಕಿದ್ದೆ. ಮೂರು ದಿನವಾದರೂ ಬೆರಳಿಟ್ಟರೆ ಅಂಟು. ಎರಡು ಒಂದಕ್ಕೊಂದು ಅಂಟಿಕೊಂಡು, ಬಿಡಿಸುವಾಗ ಹರಿದವು. ಪುಟ್ಟಿಯ ಬಾಳೆ ಚಂದ್ರ ಹೋದದ್ದು ಹಾಗೆ. ಅವಳು ಅಳಲಿಲ್ಲ. ಮುಖ ತಿರುಗಿಸಿ ಕೂತಳು, ಅದೇ ಜಾಸ್ತಿ ಕಷ್ಟ.

ಯೋಚಿಸಿದರೆ ಕಾರಣ ಸುಲಭ. ಜುಲೈನಲ್ಲಿ ನಮ್ಮಲ್ಲಿ ಉಪ್ಪೇ ನೀರಾಗುತ್ತದೆ. ಉಪ್ಪು ಸೇರಿಸಿದ ಅಂಟು ಒಣಗುತ್ತದೆಯೇ? ಕೆಡದಿರಲಿ ಅಂತ ಹಾಕಿದ ಉಪ್ಪೇ ಗಾಳಿಯ ತೇವ ಎಳೆದುಕೊಂಡಿತ್ತು.

ಜುಲೈ 21ರಿಂದ 23

ಒಣಗಿಸುವ ಪ್ರಯೋಗಗಳು. ಈ ಸಲದ ಬಣ್ಣಕ್ಕೆ ಉಪ್ಪು ಹಾಕಲಿಲ್ಲ.

ಫ್ಯಾನ್: ಕರೆಂಟು ಇದ್ದದ್ದು ಒಟ್ಟು ನಾಲ್ಕು ಗಂಟೆ. ಇದ್ದಾಗ ಕಾಗದ ಹಾರಿ ಗೋಡೆಗೆ ಅಂಟಿತು. ಗೋಡೆಯ ಮೇಲೂ ಒಂದು ಬೆಂಡೆ ಹೂ.

ಬಚ್ಚಲು ಒಲೆಯ ಮೇಲಿನ ಗಳ: ಮಳೆಗಾಲದಲ್ಲಿ ನಮ್ಮ ಬಟ್ಟೆಯೆಲ್ಲ ಒಣಗುವುದು ಅಲ್ಲೇ. ರಾತ್ರಿ ಹಾಕಿದ್ದು ಬೆಳಗ್ಗೆಗೆ ಗರಿಗರಿ ಒಣಗಿತ್ತು. ಆದರೆ ಹಸಿ ಸೌದೆಯ ಹೊಗೆ ಹಿಡಿದು ಬಿಳಿ ಕಾಗದ ಕಂದು ಬಣ್ಣಕ್ಕೆ ತಿರುಗಿತು, ಮೇಲೆ ಮಸಿಯ ಚುಕ್ಕಿ. ಮಾರನೆಯ ದಿನ ಬೆಳಗ್ಗಿನ ಸ್ನಾನ ಎಲ್ಲ ಮುಗಿದು, ಉರಿ ಆರಿ ಬರೀ ಕೆಂಡ ಉಳಿದ ಮೇಲೆ ಹಾಕಿದೆ. ಒಲೆಯಿಂದ ನಾಲ್ಕು ಅಡಿ ಎತ್ತರ. ಎರಡು ಗಂಟೆಗೆ ಒಣಗಿತು, ಮಸಿ ಇಲ್ಲ.

ಗೆದ್ದದ್ದು ಇದೇ. ಮಕ್ಕಳ ಬಣ್ಣದಾಟದ ಹೊತ್ತನ್ನೂ ಇದಕ್ಕೇ ಹೊಂದಿಸಿಕೊಂಡೆ. ಒಂಬತ್ತಕ್ಕೆ ಬಣ್ಣ, ಹತ್ತಕ್ಕೆ ಕೆಂಡದ ಮೇಲೆ, ಮಧ್ಯಾಹ್ನ ಊಟಕ್ಕೆ ಮೊದಲು ಕೈಗೆ.

ಜುಲೈ 27, ಭಾನುವಾರ

ಮಳೆ ಅರ್ಧ ಗಂಟೆ ಬಿಟ್ಟಿತು. ಗಂಬೂಟು ಹಾಕಿಕೊಂಡು ತೋಟದ ಇಳಿಜಾರಿನ ಬರೆಗೆ ಹೋದೆವು, ಜರಿಗಿಡ ತರಲು. ಎಲೆಯ ಅಡಿಭಾಗ ಬೆಳ್ಳಗೆ ಹಿಟ್ಟು ಬಳಿದ ಹಾಗಿರುವ ಒಂದು ಜಾತಿ ಇದೆ. ಚಿಕ್ಕವರಿದ್ದಾಗ ಅದನ್ನು ಮುಂಗೈ ಮೇಲಿಟ್ಟು ಫಟ್ ಅಂತ ಹೊಡೆದು ಬಿಳಿ ಹಚ್ಚೆ ಹಾಕಿಕೊಳ್ಳುತ್ತಿದ್ದೆವು. ಬಣ್ಣವೇ ಬೇಡ, ಬ್ರಷ್ಷಂತೂ ಬೇಡವೇ ಬೇಡ.

ತಂದ ಎಲೆ ಒದ್ದೆ. ಬಟ್ಟೆಯಲ್ಲಿ ಒರೆಸಿದೆ, ನೀರಿನ ಜೊತೆ ಬಿಳಿ ಹಿಟ್ಟೂ ಹೋಯಿತು. ಉಳಿದವನ್ನು ಸುಮ್ನೆ ಕೊಡವಿ, ಬೆಚ್ಚಗಿನ ಕಡೆ ಒಂದು ಗಂಟೆ ಬಿಟ್ಟೆ. ಆಮೇಲೆ ಕಪ್ಪು ಕಾಗದದ ಮೇಲೆ ಇಟ್ಟು ಚಿನ್ನು ಅಂಗೈಯಿಂದ ಹೊಡೆದ. ಗರಿ ಗರಿಯಾಗಿ ಪೂರ್ತಿ ಎಲೆ ಬಂತು. ಅದೇ ಅವನ ಮೊದಲ ಪೂರ್ತಿ ಅಚ್ಚು. ಮುಟ್ಟಿದರೆ ಅಳಿಸಿ ಹೋಗುವುದರಿಂದ ಬಟ್ಟೆಗೆ ಆಗುವುದಿಲ್ಲ. ಬಟ್ಟೆಗೆ ಬೇರೆ ಜರಿ ಎಲೆಗೆ ಬಣ್ಣ ಸವರಿ ಒತ್ತಬೇಕು.

ಜಿಗಣೆ ಲೆಕ್ಕ: ನನಗೆ ಮೂರು, ಪುಟ್ಟಿಗೆ ಒಂದು.

ಆಗಸ್ಟ್ 3, ಭಾನುವಾರ

ಕಕ್ಕಡ 18, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಪಕ್ಕದ ಕೊಡವರ ಮನೆಯ ಆಂಟಿ ಒಂದು ಕಟ್ಟು ಮದ್ದುಸೊಪ್ಪು ಕೊಟ್ಟರು. ಈ ದಿನ ಅದರಲ್ಲಿ ಹದಿನೆಂಟು ಬಗೆಯ ಮದ್ದು ತುಂಬಿರುತ್ತದೆ ಎಂಬ ನಂಬಿಕೆ ಇಲ್ಲಿಯವರಿಗೆಲ್ಲ ಗೊತ್ತು. ಎಲೆ ಕಾಂಡ ಎಲ್ಲ ಕುದಿಸಿದರೆ ನೀರು ಕಡು ನೇರಳೆ. ಪಾಯಸಕ್ಕೆ ಎತ್ತಿಟ್ಟು ಒಂದು ಲೋಟ ನಾನು ಕದ್ದೆ. ಎಂಟು ಚಮಚಕ್ಕೆ ಒಂದು ಚಮಚ ಕಾರ್ನ್‌ಫ್ಲೋರ್ ಹಾಕಿ ಕಾಯಿಸಿದಾಗ ಜೆಲ್ಲಿಯಂಥ ಬಣ್ಣ. ಬಟ್ಟಲಿನಲ್ಲಿ ಅಷ್ಟು ಕಡುವಾಗಿದ್ದದ್ದು ಕಾಗದದ ಮೇಲೆ ಒಣಗಿದಾಗ ತೆಳು ನೇರಳೆ ಅಷ್ಟೇ. ಆದರೆ ಚಿನ್ನು ನೆಕ್ಕಿದರೂ ಭಯ ಇಲ್ಲ. ಅಡಿಕೆ ಸಿಪ್ಪೆಯಲ್ಲಿ ಇಬ್ಬರೂ ಹತ್ತು ಹಾಳೆ ಮುಗಿಸಿದರು. ಜೊತೆಗೆ ಎರಡು ಬಟ್ಟಲು ಪಾಯಸ.

ಮರುದಿನ ಬೆಳಗ್ಗೆ ಬಚ್ಚಲಿನಿಂದ ಪುಟ್ಟಿಯ ಕಿರುಚಾಟ, ‘ಅಮ್ಮಾ, ನಾನು ಕೆಂಪು ಬಣ್ಣ ಮಾಡಿದೆ!’ ಮದ್ದು ಪಾಯಸ ತಿಂದವರಿಗೆಲ್ಲ ಮೂತ್ರ ಕೆಂಪಗಾಗುತ್ತದೆ. ಅವಳಿಗೆ ಮೊದಲೇ ಹೇಳಿಡಬೇಕಿತ್ತು.

ಆಗಸ್ಟ್ 6, ಬುಧವಾರ

ಬಟ್ಟೆಯ ಮೇಲೆ ಮೊದಲ ಪರೀಕ್ಷೆ. ಹಳೆಯ ದಿಂಬಿನ ಕವರು. ಅರಿಸಿನ ಕಲಸಿದ ಮೈದಾ ಬಣ್ಣದಲ್ಲಿ ಬೆಂಡೆ ಹೂ ಒತ್ತಿ, ಒಣಗಿಸಿ, ಮಾರನೆಯ ದಿನ ಬಟ್ಟೆ ಸೋಪಿನಲ್ಲಿ ತೊಳೆದೆ. ಮೈದಾ ಚಕ್ಕೆ ಚಕ್ಕೆಯಾಗಿ ಉದುರಿತು. ಹಳದಿ ಹೂವೆಲ್ಲ ಕೆಂಪಾದವು. ನಾನು ಬಾಯಿ ಬಿಟ್ಟು ನೋಡುತ್ತಿದ್ದೆ.

‘ಅರಿಸಿನಕ್ಕೆ ಸುಣ್ಣ ಸೇರಿದರೆ ಕುಂಕುಮ ಆಗೋದಿಲ್ವೇನೇ? ಸೋಪೂ ಹಾಗೇ’ ಅಂದರು ಅತ್ತೆ. ಇಷ್ಟು ವರ್ಷ ತಮ್ಮ ಸೀರೆಯ ಅರಿಸಿನ ಕಲೆ ಒಗೆದು ಗೊತ್ತಿರುವವರು ಅವರು.

ಪರದೆಗೆ ಇದು ಸೋಲೇ. ಆದರೆ ಇಡೀ ಐದು ವಾರದಲ್ಲಿ ಮಕ್ಕಳು ಜಾಸ್ತಿ ಹೊತ್ತು ಕೂತದ್ದು ಈ ಸೋಲಿನಿಂದಲೇ. ಕಾಗದಕ್ಕೆ ಅರಿಸಿನದ ನೀರು ಬಳಿದು ಒಣಗಿಸಿದೆ. ಒಂದು ಬಟ್ಟಲಲ್ಲಿ ಅಡುಗೆ ಸೋಡಾ ಕದಡಿದ ನೀರು, ಇನ್ನೊಂದರಲ್ಲಿ ನಿಂಬೆರಸ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸೋಡಾದಲ್ಲಿ ಅದ್ದಿ ಗೀಚಿದರೆ ಕೆಂಪು ಗೆರೆ. ಅದರ ಮೇಲೆ ನಿಂಬೆರಸ ಹಾಕಿದರೆ ಮತ್ತೆ ಹಳದಿ. ಪುಟ್ಟಿ ಮನೆ ಬರೆಯುವುದು, ಚಿನ್ನು ಅಳಿಸುವುದು. ಮುಕ್ಕಾಲು ಗಂಟೆ ಜಗಳವಿಲ್ಲ. ಸುಣ್ಣ ಉಪಯೋಗಿಸಲಿಲ್ಲ, ಮಕ್ಕಳ ಕಣ್ಣಿಗೆ ತಾಗಿದರೆ ಅಪಾಯ. ನಿಂಬೆರಸವೂ ಕಣ್ಣಿಗೆ ಉರಿಯೇ, ನಾನು ಪಕ್ಕದಲ್ಲೇ ಕೂತಿದ್ದೆ.

ಆಗಸ್ಟ್ 9, 10

ಸೋತು ಅಂಗಡಿಯಿಂದ ಫ್ಯಾಬ್ರಿಕ್ ಕಲರ್ ತಂದೆ. ಆರು ಚಿಕ್ಕ ಬಾಟಲಿ. ಇದು ತಿನ್ನುವ ಬಣ್ಣ ಅಲ್ಲ. ಹಾಗಾಗಿ ಚಿನ್ನುಗೆ ಕ್ಲಿಪ್ಪಿನ ಹಿಡಿಕೆ ಇರುವ ಸ್ಪಂಜು ಮಾತ್ರ, ಪಕ್ಕದಲ್ಲಿ ಒದ್ದೆ ಬಟ್ಟೆ ಹಿಡಿದು ನಾನು.

ಪಂಚೆಯನ್ನು ಮೊದಲು ತೊಳೆದು ಗಂಜಿ ತೆಗೆದೆ. ಉದ್ದ 78 ಇಂಚು, ಅಗಲ 50. ನಡುವೆ ಕತ್ತರಿಸಿ ಎರಡು ತುಂಡು, ಒಂದೊಂದು 39 ಇಂಚು ಅಗಲ. ಕಿಟಕಿ 36 ಇಂಚು ಅಗಲ, 42 ಎತ್ತರ. ಮೇಲೆ 3 ಇಂಚು, ಕೆಳಗೆ 2 ಇಂಚು ಮಡಿಕೆ ಹೋದರೆ 45 ಉಳಿಯುತ್ತದೆ. ಬಟ್ಟೆಯ ಅಡಿಗೆ ಹಳೆ ಪೇಪರ್ ನಾಲ್ಕು ಪದರ. ಮೊದಲ ತುಂಡಿಗೆ ಎರಡೇ ಪದರ ಹಾಕಿದ್ದೆ, ಬಣ್ಣ ಟಾರ್ಪಾಲಿಗೆ ಇಳಿದು ಬಟ್ಟೆಯ ಹಿಂಬದಿಗೆ ಮತ್ತೆ ಅಂಟಿತು.

ಬಾಳೆ ಚಂದ್ರಗಳು ಮೇಲೆ, ಬೆಂಡೆ ಹೂ ನಡುವೆ, ಕೆಳಗೆ ಅಡಿಕೆ ಸಿಪ್ಪೆಯ ಹುಲ್ಲು. ಇದು ನನ್ನ ಯೋಜನೆ. ಪುಟ್ಟಿ ಹೂಗಳನ್ನೆಲ್ಲ ಒಂದೇ ಮೂಲೆಯಲ್ಲಿ ಒತ್ತಿದಳು. ‘ಇಲ್ಲೂ ಒಂದು ಹಾಕು’ ಅಂತ ಎರಡು ಸಲ ಹೇಳಿದೆ. ‘ಅವು ಮಳೆಗೆ ಒಟ್ಟಿಗೆ ನಿಂತಿವೆ’ ಅಂದಳು. ಆಮೇಲೆ ನಾನು ಬಾಯಿ ಮುಚ್ಚಿದೆ.

ಎರಡನೇ ತುಂಡಿನ ಕಥೆ ಬೇರೆ. ಫೋನ್ ಬಂತು ಅಂತ ಎರಡು ನಿಮಿಷ ಎದ್ದೆ. ಬರುವಷ್ಟರಲ್ಲಿ ಚಿನ್ನು ಗಂಬೂಟು ಹಾಕಿಕೊಂಡು ಹಸಿರು ಸ್ಪಂಜಿನ ಮೇಲೆ ಹತ್ತಿ, ಪಂಚೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದಿದ್ದ. ಏಳು ಹೆಜ್ಜೆ. ಬೂಟಿನ ಅಡಿಯ ಗೆರೆಗಳು ಎಷ್ಟು ಸ್ಪಷ್ಟ ಬಂದಿದ್ದವೆಂದರೆ, ನಾನು ತಿಂಗಳಿಂದ ಹೆಣಗಿದ ಯಾವ ಅಚ್ಚೂ ಹಾಗೆ ಬಂದಿರಲಿಲ್ಲ. ರಬ್ಬರು, ಮೇಲಿಂದ ಹನ್ನೆರಡು ಕೆಜಿ ಭಾರ, ನೇರ ಎತ್ತುವ ಕಾಲು. ಅಚ್ಚಿಗೆ ಬೇಕಾದದ್ದೆಲ್ಲ ಅಲ್ಲಿತ್ತು. ಬೈಯಲು ತೆರೆದ ಬಾಯಿ ಹಾಗೇ ಉಳಿಯಿತು. ಎಡ ಬೂಟಿಗೆ ನೀಲಿ ಹಚ್ಚಿ ಇನ್ನೊಂದು ಸಾಲು ನಡೆಸಿದೆ.

ಆಗಸ್ಟ್ 13, ಬುಧವಾರ

ಮೂರು ದಿನ ಕೆಂಡದ ಮೇಲಿನ ಗಳದಲ್ಲಿ, ಬರೀ ಹಗಲು. ಆಮೇಲೆ ಹಿಂಬದಿಯಿಂದ ಇಸ್ತ್ರಿ, ನೀರು ಚಿಮುಕಿಸದೆ, ಒಂದೊಂದು ಜಾಗಕ್ಕೂ ಸುಮಾರು ಒಂದು ನಿಮಿಷ. ಒಂದು ಕಡೆ ಬಣ್ಣ ಒಳಗೆ ಹಸಿ ಇತ್ತು. ಹಸಿರು ಬೂಟಿನ ಮೊದಲ ಹೆಜ್ಜೆ, ಬಣ್ಣ ಎಲ್ಲಕ್ಕಿಂತ ದಪ್ಪ ಬಿದ್ದ ಜಾಗ. ಅಲ್ಲಿ ಅಡಿಗೆ ಹಾಕಿದ್ದ ಹಳೆ ಪೇಪರ್ ಅಂಟಿ, ಅದರ ಅಕ್ಷರಗಳು ಬಟ್ಟೆಗೆ ಇಳಿದವು. ‘ಭಾರೀ ಮಳೆ’ ಅನ್ನುವುದು ತಿರುಗುಮುರುಗಾಗಿ ಓದಲು ಬರುತ್ತದೆ.

ಆಗಸ್ಟ್ 17, ಭಾನುವಾರ

ಮಡಿಕೆ ಹೊಲಿದು, ಸ್ಪ್ರಿಂಗ್ ತಂತಿ ತೂರಿಸಿ, ಎರಡು ಕೊಕ್ಕೆ ಹೊಡೆದು ಪರದೆ ಹಾಕಿದೆ. ಬಲ ತುಂಡಿನ ಬೂಟುಗಳು ಮೇಲಕ್ಕೆ ನಡೆಯುತ್ತವೆ. ಎಡ ತುಂಡನ್ನು ತಲೆಕೆಳಗಾಗಿ ಹೊಲಿದಿದ್ದೇನೆ, ಚಂದ್ರ ನೆಲದಲ್ಲಿ, ಹುಲ್ಲು ಆಕಾಶದಲ್ಲಿ. ಬಿಚ್ಚಿ ಹೊಲಿಯುವ ತಾಳ್ಮೆ ಇಲ್ಲ.

ಖರ್ಚು: ಬಣ್ಣದ ಪುಡಿ 60, ಮೈದಾ 30, ಚಾರ್ಟ್ ಪೇಪರ್ 60, ಬೆಂಡೆಕಾಯಿ 20, ಸ್ಪಂಜು 40, ಫ್ಯಾಬ್ರಿಕ್ ಕಲರ್ 150, ತಂತಿ ಕೊಕ್ಕೆ 45. ಒಟ್ಟು 405 ರೂಪಾಯಿ. ಇದೇ ಅಳತೆಯ ಪರದೆ ಪೇಟೆಯಲ್ಲಿ ಇದಕ್ಕಿಂತ ಕಡಿಮೆಗೆ ಸಿಗುತ್ತದೆ ಅಂತ ನಮ್ಮ ಮನೆಯವರು ಎರಡು ಸಲ ಹೇಳಿದ್ದಾರೆ. ಕೇಸರಿಯಾದ ಎರಡು ಅಂಗಿ, ಬಾಳೆ ಕಲೆಯ ಸೀರೆ ಈ ಲೆಕ್ಕದಲ್ಲಿ ಇಲ್ಲ.

ಇನ್ನೂ ತೊಳೆದು ನೋಡಿಲ್ಲ. ಹಸಿರು ಬೂಟಿನ ಆ ಮೊದಲ ಹೆಜ್ಜೆ ಈಗಲೂ ಬೆರಳಿಗೆ ಸ್ವಲ್ಪ ಅಂಟುತ್ತದೆ. ಎರಡು ದಿನ ಸರಿಯಾಗಿ ಬಿಸಿಲು ಬಂದ ಮೇಲೆ ಮತ್ತೊಂದು ಸಲ ಇಸ್ತ್ರಿ ಹಾಕಬೇಕು.